ವಾಕಿಟಾಕಿಯ ಲೈಸೆನ್ಸ್ ದಾಖಲೆ ಎಲ್ಲರಿಗೂ ಕಾಣಬೇಕೇ?

ಅಮೆರಿಕದಲ್ಲಿ ಒಂದು ಊರಿನ ಪೊಲೀಸರು, ಅಗ್ನಿಶಾಮಕ ದಳ, ಕಾರ್ಖಾನೆಗಳು ಯಾವ ರೇಡಿಯೊ ಫ್ರೀಕ್ವೆನ್ಸಿ ಬಳಸುತ್ತಾರೆ ಅಂತ ಮನೆಯಲ್ಲೇ ಕೂತು ಹುಡುಕಬಹುದು. ರೇಡಿಯೊ ಲೈಸೆನ್ಸ್ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ಲೈಸೆನ್ಸ್ ದಾಖಲೆ ಸಾರ್ವಜನಿಕ. ನಮ್ಮಲ್ಲಿ ಯಾವ ಬ್ಯಾಂಡ್ ಯಾವ ಕೆಲಸಕ್ಕೆ ಅನ್ನುವ ರಾಷ್ಟ್ರೀಯ ಯೋಜನೆಯನ್ನು ಯಾರು ಬೇಕಾದರೂ ಓದಬಹುದು, 2022ರದ್ದು ಅಂತರ್ಜಾಲದಲ್ಲೇ ಇದೆ. ಆದರೆ ಕಾರವಾರದಲ್ಲಿ ಯಾವ ಸಂಸ್ಥೆಗೆ ಯಾವ ಫ್ರೀಕ್ವೆನ್ಸಿ ಅಂತ ತೋರಿಸುವ ಅಂಥ ದಾಖಲೆ ಇಲ್ಲ. ಅದೂ ತೆರೆದಿರಬೇಕೇ?

ಪರ

ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಜಮೀನು ಯಾರ ಹೆಸರಲ್ಲಿದೆ ಅಂತ ಪಹಣಿ ತೆಗೆದು ನೋಡುತ್ತೇವೆ. ತರಂಗಕ್ಕೂ ಒಂದು ಪಹಣಿ ಇರಲಿ ಅಂದರೆ ತಪ್ಪೇನು?

ಆ ದಾಖಲೆಯಲ್ಲಿ ಇರುವುದಾದರೂ ಏನು? ಅಮೆರಿಕದ ಒಂದು ಲೈಸೆನ್ಸ್ ತೆರೆದು ನೋಡಿ. ಪಡೆದವರ ಹೆಸರು, ಕಾಲ್‌ಸೈನ್ (ರೇಡಿಯೊದಲ್ಲಿ ಅವರ ಗುರುತಿನ ಸಂಕೇತ), ಟವರ್ ಇರುವ ಅಕ್ಷಾಂಶ ರೇಖಾಂಶ, ಆಂಟೆನಾ ಎತ್ತರ, ಎಷ್ಟು ವಾಟ್, ಯಾವ ಫ್ರೀಕ್ವೆನ್ಸಿ. ಪಕ್ಕದಲ್ಲಿ ‘8ಕೆ10ಎಫ್1ಇ’ ಅಂತ ಒಂದು ಸಂಕೇತ ಇರಬಹುದು. ಮೊದಲ ಭಾಗ 8.1 ಕಿಲೊಹರ್ಟ್ಸ್ ಅಗಲ ಅನ್ನುತ್ತದೆ, ಕೊನೆಯ ‘ಎಫ್1ಇ’ ಡಿಜಿಟಲ್ ಮಾತು ಅನ್ನುತ್ತದೆ. 800 ಮೆಗಾಹರ್ಟ್ಸ್ ಟ್ರಂಕಿಂಗ್ (ಚಾನೆಲ್ ಹಂಚಿಕೊಳ್ಳುವ ವ್ಯವಸ್ಥೆ) ಆದರೆ ಟವರ್ ಕಳಿಸುವುದು 851ರಿಂದ 869ರೊಳಗೆ. ಕೈಯಲ್ಲಿನ ಸೆಟ್ ಕಳಿಸುವುದು ಅದಕ್ಕಿಂತ 45 ಕೆಳಗೆ. ಅಷ್ಟೇ. ಯಾವ ಗುಂಪು ಯಾರದು, ಯಾರಿಗೆ ಯಾವ ಚಾನೆಲ್ ಅಂತ ಸೆಟ್‌ಗಳಿಗೆ ಹೇಳುವ ಕಂಟ್ರೋಲ್ ಚಾನೆಲ್ ಯಾವುದು, ಇದೊಂದೂ ಅಲ್ಲಿಲ್ಲ.

ಟ್ರಂಕಿಂಗ್‌ನಲ್ಲಿ ಕೆಲವೇ ಚಾನೆಲ್‌ಗಳನ್ನು ಹಲವು ಗುಂಪುಗಳು ಹಂಚಿಕೊಳ್ಳುತ್ತವೆ. ಗುಂಡಿ ಒತ್ತಿದಾಗ ಆ ಕ್ಷಣಕ್ಕೆ ಖಾಲಿ ಇರುವ ಚಾನೆಲ್ ಸಿಗುತ್ತದೆ. ಹಾಗಾಗಿ ಬರೀ ಫ್ರೀಕ್ವೆನ್ಸಿ ಪಟ್ಟಿ ಹಿಡಿದುಕೊಂಡು ಒಬ್ಬರ ಮಾತನ್ನು ಹಿಂಬಾಲಿಸೋಕೆ ಆಗಲ್ಲ. ಮಾತು ಗುಟ್ಟಾಗಿರಬೇಕಾದರೆ ಎನ್‌ಕ್ರಿಪ್ಟ್ ಮಾಡಿ. ದಾಖಲೆ ಮುಚ್ಚಿಟ್ಟರೆ ಮಾತು ಮುಚ್ಚಿದಂತಲ್ಲ. ಕಂಟ್ರೋಲ್ ಚಾನೆಲ್ ಸಾಮಾನ್ಯವಾಗಿ ಬಿಡದೆ ಡೇಟಾ ಕಳಿಸುತ್ತಲೇ ಇರುತ್ತದೆ. ಪೆನ್‌ಡ್ರೈವ್ ಗಾತ್ರದ ರಿಸೀವರ್ ಸಿಕ್ಕಿಸಿದ ಲ್ಯಾಪ್‌ಟಾಪ್‌ನಲ್ಲಿ ಅದು ಉದ್ದ ಗೆರೆಯಾಗಿ ಎದ್ದು ಕಾಣುತ್ತದೆ. ಕೆಟ್ಟ ಉದ್ದೇಶ ಇದ್ದವನು ದಾಖಲೆಗೆ ಕಾಯುತ್ತಾ ಕೂರುವುದಿಲ್ಲ.

ಕಾಯುವವರು ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಇಂಥ ಹೊತ್ತಲ್ಲಿ ಎನ್‌ಡಿಆರ್‌ಎಫ್, ನೌಕಾಪಡೆ, ಪೊಲೀಸ್, ಎಲ್ಲರೂ ತಮ್ಮ ತಮ್ಮ ಸೆಟ್ ಹಿಡಿದು ಬರುತ್ತಾರೆ. ಯಾರು ಎಲ್ಲಿ ಮಾತಾಡುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದು ತಪ್ಪುತ್ತದೆ. ನೌಕಾನೆಲೆಯ ವಿವರ ನನಗೂ ಬೇಡ. ಅಮೆರಿಕದಲ್ಲೂ ಸೈನ್ಯದ ಫ್ರೀಕ್ವೆನ್ಸಿಗಳು ಎಫ್‌ಸಿಸಿ ದಾಖಲೆಯಲ್ಲಿ ಇಲ್ಲ. ಅವನ್ನು ಬಿಟ್ಟು ಉಳಿದದ್ದು ತೆರೆಯಲಿ.

ವಿರೋಧ

‘ಉಳಿದದ್ದು’ ಅಂದರೆ ಯಾವುದು? ಕಾರವಾರದಲ್ಲಿ ಅದನ್ನು ಲೆಕ್ಕ ಹಾಕಿ ನೋಡೋಣ. ಅರಗಾದಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ. ಅದರ ಜೊತೆಗೆ ಕೋಸ್ಟ್ ಗಾರ್ಡ್, ಕರಾವಳಿ ಕಾವಲು ಪೊಲೀಸ್. ಕಾಳಿ ನದಿಯ ಮೇಲ್ಗಡೆ ಕೈಗಾದ ನಾಲ್ಕು ಅಣು ಘಟಕ, ಕದ್ರಾ ಅಣೆಕಟ್ಟು. ಬಂದರು, ಕೊಂಕಣ ರೈಲ್ವೆ. ಇವನ್ನೆಲ್ಲ ತೆಗೆದರೆ ಉಳಿಯುವುದು ಒಂದಷ್ಟು ಗುತ್ತಿಗೆದಾರರು, ರೆಸಾರ್ಟ್‌ಗಳು. ತೆಗೆಯದಿದ್ದರೆ ಅಪಾಯ ನೇರ ನಮ್ಮ ಮನೆ ಬಾಗಿಲಿಗೆ.

ಕದ್ದು ಕೇಳುವುದು ನನ್ನ ದೊಡ್ಡ ಭಯ ಅಲ್ಲ. ಎನ್‌ಕ್ರಿಪ್ಟ್ ಮಾಡಿದರೆ ಅದಕ್ಕೆ ತಡೆ ಇದೆ, ಒಪ್ಪಿದೆ. ಜ್ಯಾಮ್ ಮಾಡುವವನಿಗೆ, ಅಂದರೆ ಅದೇ ಫ್ರೀಕ್ವೆನ್ಸಿಯಲ್ಲಿ ಗದ್ದಲ ಕಳಿಸಿ ಸಂಪರ್ಕ ಕೆಡಿಸುವವನಿಗೆ, ಮಾತು ಅರ್ಥವಾಗಬೇಕಿಲ್ಲ ಅಲ್ವಾ? ಟವರ್ ಎಲ್ಲಿದೆ, ಯಾವ ಫ್ರೀಕ್ವೆನ್ಸಿಗೆ ಕಿವಿಕೊಟ್ಟಿದೆ ಅಂತ ಗೊತ್ತಾದರೆ ಸಾಕು. ಟ್ರಂಕಿಂಗ್‌ನ ಜೀವ ಇರುವುದೇ ಕಂಟ್ರೋಲ್ ಚಾನೆಲ್‌ನಲ್ಲಿ. ಅದಕ್ಕೆ ಹೊಡೆತ ಬಿದ್ದರೆ ಚಾನೆಲ್ ಹಂಚುವ ಕೆಲಸವೇ ನಿಲ್ಲುತ್ತದೆ. ಲೈಸೆನ್ಸ್‌ನಲ್ಲಿ ಕಂಟ್ರೋಲ್ ಚಾನೆಲ್ ಯಾವುದು ಅಂತ ಬರೆದಿರುವುದಿಲ್ಲ, ನಿಜ. ಆದರೆ ಹುಡುಕಾಟ ಇಡೀ ಬ್ಯಾಂಡಿನಿಂದ ನಾಲ್ಕೈದು ಸಂಖ್ಯೆಗೆ ಇಳಿಯುತ್ತದೆ.

ರಿಸೀವರ್ ಇದ್ದರೆ ಹೇಗೂ ಸಿಗುತ್ತದೆ ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಅದಕ್ಕೆ ಆ ಮನುಷ್ಯ ಇಲ್ಲಿಗೆ ಬರಬೇಕು, ಆಂಟೆನಾ ಇಟ್ಟು ಕಾಯಬೇಕು, ಯಾರದಾದರೂ ಕಣ್ಣಿಗೆ ಬೀಳಬೇಕು. ತೆರೆದ ದಾಖಲೆ ಇದ್ದರೆ ಸಾವಿರಾರು ಕಿಲೊಮೀಟರ್ ದೂರದಲ್ಲಿ ಕೂತೇ ಅರ್ಧ ಕೆಲಸ ಮುಗಿಯುತ್ತದೆ. 2008ರಲ್ಲಿ ಮುಂಬೈಗೆ ಬಂದವರು ಮೀನುಗಾರರ ಬೋಟ್ ವಶಪಡಿಸಿಕೊಂಡು ಸಮುದ್ರದಿಂದಲೇ ಬಂದರು. ಈ ಕರಾವಳಿಯಲ್ಲಿ ಇರುವವರು ಅದನ್ನು ಮರೆಯುವ ಹಾಗಿಲ್ಲ.

ಕಾನೂನೂ ಬೇರೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂದಾಗಿನಿಂದ ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಸೆಟ್ ಇಟ್ಟುಕೊಳ್ಳುವುದೇ ಅಪರಾಧ. ಕೆಲವು ವಿನಾಯಿತಿಗಳು ಮಾತ್ರ ಇವೆ, 446 ಮೆಗಾಹರ್ಟ್ಸ್‌ನ ಸಣ್ಣ ವಾಕಿಟಾಕಿಗಳ ಹಾಗೆ. ಅಮೆರಿಕದಲ್ಲಿ ಸ್ಕ್ಯಾನರ್ ಹಿಡಿದು ಪೊಲೀಸರ ಮಾತು ಕೇಳುವುದು ಬಹುತೇಕ ಕಡೆ ಹವ್ಯಾಸ. ಆ ಹವ್ಯಾಸದ ಜೊತೆ ಬೆಳೆದ ದಾಖಲೆಯನ್ನು ಸುಮ್ನೆ ಎತ್ತಿ ಇಲ್ಲಿ ಇಡುವುದು ಸರಿಯಾಗದು.

ಮೀನುಗಾರನಿಗೆ ಆಪತ್ತಿನಲ್ಲಿ ಬೇಕಾದ ಫ್ರೀಕ್ವೆನ್ಸಿ ಈಗಲೇ ತೆರೆದಿದೆ. ಮರೈನ್ ವಿಎಚ್‌ಎಫ್‌ನ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್. ಜಗತ್ತಿನ ಎಲ್ಲ ಹಡಗುಗಳಿಗೂ ಅದು ಗೊತ್ತು. ಬೈತಖೋಲ ಬಂದರಿನಿಂದ ಹೊರಡುವ ಪ್ರತಿ ಬೋಟಿನಲ್ಲೂ ಒಳ್ಳೆಯ ಸೆಟ್ ಇರಲಿ, ಅದನ್ನು ಬಳಸುವುದು ಗೊತ್ತಿರಲಿ. ಶಿರೂರಿನಂಥ ದಿನಕ್ಕೆ ಯಾವ ದಳ ಯಾವ ಚಾನೆಲ್‌ನಲ್ಲಿ ಅನ್ನುವ ಪಟ್ಟಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕೈಯಲ್ಲಿರಲಿ. ಲೈಸೆನ್ಸ್ ಇರುವ ಹ್ಯಾಮ್‌ಗಳಿಗೆ (ಹವ್ಯಾಸಿ ರೇಡಿಯೊ ಬಳಸುವವರಿಗೆ) ಕೆಲಸಕ್ಕೆ ಬೇಕಾದಷ್ಟು ವಿವರ ಮಳೆಗಾಲಕ್ಕೆ ಮುಂಚೆಯೇ ಅಲ್ಲಿಂದ ಸಿಗಲಿ.