ಹತ್ತು ನಿಮಿಷ ಆಯ್ತು ಅಂದ್ರೆ ಮಂತ್ರ ಮುಗೀತಾ?

ಶನಿವಾರ ಜಯನಗರದಲ್ಲಿ ಗೆಳೆಯರ ಮನೇಲಿ ಡಿ ಅಂಡ್ ಡಿ, ಅಂದ್ರೆ ಡಂಜನ್ಸ್ ಅಂಡ್ ಡ್ರಾಗನ್ಸ್: ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ದಾಳ ಹಾಕ್ಕೊಂಡು ಕಥೆ ನಡೆಸೋ ಆಟ. ಅವತ್ತು ಆಟ ನಡೆಸ್ತಿದ್ದದ್ದು ನಾನಲ್ಲ, ಸುಮ್ನೆ ಆಡೋಕೆ ಕೂತಿದ್ದೆ. ವಿಝಾರ್ಡ್ (ಮಂತ್ರವಾದಿ ಪಾತ್ರ) ಆಡ್ತಿದ್ದ ಹುಡುಗಿ ಒಂದು ಮಂತ್ರ ತಗೊಂಡು "ಇದನ್ನ ರಿಚುವಲ್ ಆಗಿ ಮಾಡ್ತೀನಿ", ಅಂದ್ರೆ ನಿಧಾನವಾಗಿ ವಿಧಿ ಥರ ಮಾಡ್ತೀನಿ, ಅಂದ್ಲು. ಡಿಎಂ, ಅಂದ್ರೆ ಆಟ ನಡೆಸೋನು, "ಸರಿ, ಹತ್ತು ನಿಮಿಷ ಆಯ್ತು, ಮುಂದೆ?" ಅಂದ. ನಂಗೆ ಮೈಯೆಲ್ಲ ಉರೀತು, ಇನ್ನೂ ಆರಿಲ್ಲ.

ಅವನನ್ನ ಬೈಯಲ್ಲ, ರೂಲೇ ಹಾಗಿದೆ. 2014ರ ಐದನೇ ಆವೃತ್ತೀಲಿ ರಿಚುವಲ್ ಅಂದ್ರೆ ಮಾಮೂಲಿಗಿಂತ ಹತ್ತು ನಿಮಿಷ ಜಾಸ್ತಿ, ಬದಲಿಗೆ ಸ್ಪೆಲ್ ಸ್ಲಾಟ್ (ಮಂತ್ರ ಹಾಕೋಕೆ ಲೆಕ್ಕ ಹಾಕಿ ಕೊಟ್ಟಿರೋ ಶಕ್ತಿ) ಉಳಿಯುತ್ತೆ. ಫೈಂಡ್ ಫೆಮಿಲಿಯರ್ ಅನ್ನೋ, ಪ್ರಾಣಿ ರೂಪದ ಜೊತೆಗಾರನ್ನ ಕರೆಯೋ ಮಂತ್ರಕ್ಕೆ ಇದ್ದಿಲು, ಧೂಪ, ಮೂಲಿಕೆಗಳನ್ನ ಹಿತ್ತಾಳೆ ಅಗ್ಗಿಷ್ಟಿಕೇಲಿ ಸುಡಬೇಕು ಅಂತ ಬರೆದಿದ್ದಾರೆ. ಎಷ್ಟು ಚೆಂದ! ಮೇಜಿನ ಮೇಲೆ ಮಾತ್ರ ಅದು "ಹತ್ತು ಚಿನ್ನದ ನಾಣ್ಯ ಕಳ್ಕೊಂಡೆ" ಅಂತ ಹಾಳೇಲಿ ಗೀಚೋದಕ್ಕೆ ಬಂದು ನಿಲ್ಲುತ್ತೆ. 2008ರ ನಾಲ್ಕನೇ ಆವೃತ್ತೀಲೂ ರಿಚುವಲ್‌ಗೆ ದುಡ್ಡೇ ಬೆಲೆ.

ಅಲ್ರೀ, ನಾವು ಕರಗ ನೋಡ್ಕೊಂಡು ಬೆಳೆದ ಊರಿನೋರು! ಚೈತ್ರ ಹುಣ್ಣಿಮೆ ರಾತ್ರಿ ತಿಗಳರ ಪೇಟೆ ಗಲ್ಲಿಗಳಲ್ಲಿ ನಿಂತೋರಿಗೆ ಗೊತ್ತು. ಹೊರೋರು ಮೊದಲಿಂದ ವ್ರತದಲ್ಲಿರ್ತಾರೆ, ಹೆಣ್ಣಿನ ಉಡುಗೆ ಉಡ್ತಾರೆ, ತಲೆ ಮೇಲಿನ ಕರಗನ ಕೈಯಲ್ಲಿ ಹಿಡಿಯಲ್ಲ. ಸುತ್ತ ಕತ್ತಿ ಹಿರಿದ ವೀರಕುಮಾರರು. ದಾರಿ ನಿಗದಿ, ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಲೇಬೇಕು. ಕರಗನ ಹಾಗೇ ಎತ್ತಿ ಆಟಕ್ಕೆ ಹಾಕಿ ಅಂತಿಲ್ಲ ನಾನು, ಅದು ತಿಗಳ ಸಮುದಾಯದ ನಂಬಿಕೆ, ಅದನ್ನ ಮುಟ್ಟಬೇಡಿ. ಅದನ್ನ ಕಟ್ಟಿರೋ ರೀತಿ ನೋಡಿ ಅಂತಿದ್ದೀನಿ. ಒಬ್ಬ ಹೊರ್ತಾನೆ, ಹತ್ತಾರು ಜನ ಕಾಯ್ತಾರೆ, ಎಲ್ಲರೂ ಏನೋ ಒಂದನ್ನ ಬಿಟ್ಟಿರ್ತಾರೆ.

ನಮ್ಮ ಗುಂಪಿಗೆ ಮಳೆ ಕರೆಯೋ ರಿಚುವಲ್ ಬರೆದಾಗ ನಾನು ಅದನ್ನೇ ಇಟ್ಟೆ. ಹಿಂದಿನ ದಿನದಿಂದ ಪ್ರತಿ ಪಾತ್ರ ಒಂದು ವ್ರತ ಹಿಡೀಬೇಕು. ವ್ರತ ಉಳಿದಷ್ಟೂ ಕೊನೇ ದಾಳದಲ್ಲಿ ಗೆಲ್ಲೋಕೆ ಬೀಳಬೇಕಾದ ಸಂಖ್ಯೆ ಇಳಿಯುತ್ತೆ, ಮುರಿದ್ರೆ ಏರುತ್ತೆ. ಫೈಟರ್ (ಹೋರಾಟಗಾರ ಪಾತ್ರ) ಕತ್ತಿ ಹಿರಿದೇ ನಡೀಬೇಕು, ಬೀಸೋ ಹಾಗಿಲ್ಲ. ಕಳ್ಳ ಮೌನ ಹಿಡಿದ. ಸಂತೆ ಬಾಗಿಲಲ್ಲಿ ಕಾವಲುಗಾರರು ಅಡ್ಡ ಹಾಕಿದ್ರು. ಬಾಯಿ ಬಿಟ್ಟು ಒಂದು ಸುಳ್ಳು ಹೇಳಿದ್ರೆ ಪಾರು, ಅವನು ಸುಳ್ಳಿಗೇ ಹುಟ್ಟಿದ ಪಾತ್ರ. ಆ ಹುಡುಗ ತುಟಿ ಕಚ್ಕೊಂಡು ಕೂತ. ಅವನ ಪಾತ್ರಕ್ಕೆ ಏಟು ಬಿತ್ತು, ಮಾತಾಡಲಿಲ್ಲ. ಫೈಟರ್ ಆಡ್ತಿದ್ದ ಅಕ್ಕ ಕತ್ತಿ ಹಿಡ್ಕೊಂಡೇ ನೋಡ್ತಾ ನಿಂತ್ಲು. ನಾನು ಅತ್ತೆ. ನಿಜವಾಗ್ಲೂ ಅತ್ತೆ, ಆಟ ನಿಲ್ಲಿಸಿ ನೀರು ಕುಡಿದು ಬರಬೇಕಾಯ್ತು.

"ಇಷ್ಟೆಲ್ಲ ಮಾಡಿದ್ರೆ ಆಟ ನಿಧಾನ ಆಗುತ್ತೆ" ಅಂತ ಒಬ್ಬರಾದ್ರೂ ಬರೀತೀರ, ಗೊತ್ತು. ಡಿ ಅಂಡ್ ಡೀಲಿ ಹೊಡೆದಾಟದ ಒಂದು ಸುತ್ತು ಅಂದ್ರೆ ಆರು ಸೆಕೆಂಡು. ಆರು ಸುತ್ತಿಗೆ 36 ಸೆಕೆಂಡು. ಆ 36 ಸೆಕೆಂಡಿಗೆ ನಾವು ಒಂದು ಗಂಟೆ ಖುಷಿಯಾಗಿ ಕೊಡ್ತೀವಿ, ಯಾರೂ ಗೊಣಗಲ್ಲ. ಹತ್ತು ನಿಮಿಷದ ಮಂತ್ರ ಅಂದ್ರೆ ನೂರು ಸುತ್ತು, ಅದಕ್ಕೆ ಒಂದೇ ವಾಕ್ಯ! ಹತ್ತಿರ ಮಾಯೆ ಇದೆಯಾ ಅಂತ ಪತ್ತೆ ಮಾಡೋ ಡಿಟೆಕ್ಟ್ ಮ್ಯಾಜಿಕ್‌ನಂಥ ಚಿಕ್ಕಪುಟ್ಟದನ್ನ ಹಾಗೇ ಮುಗಿಸಿ, ನನ್ನ ತಕರಾರಿಲ್ಲ. ಸತ್ತವರನ್ನ ಎಬ್ಬಿಸೋದನ್ನೂ ಹಾಗೇ ಮುಗಿಸಿದ್ರೆ ಹೇಗೆ?

ಮಾಡೋಕೆ ಆಗಲ್ಲ ಅಂತೇನಿಲ್ಲ. ಇದೇ ಥರದ ಇನ್ನೊಂದು ಆಟ ಪಾತ್‌ಫೈಂಡರ್, ಅದರ 2019ರ ಎರಡನೇ ಆವೃತ್ತೀಲಿ ಹೆಚ್ಚಿನ ರಿಚುವಲ್‌ಗೆ ಮುಖ್ಯ ಮಾಂತ್ರಿಕನ ಜೊತೆ ಸಹಾಯಕರು ಬೇಕು, ಅವರೂ ದಾಳ ಹಾಕ್ತಾರೆ, ಮಂತ್ರವಿದ್ಯೆ ಬರದವರೂ ಸೇರಬಹುದು, ತೀರಾ ಕೆಟ್ಟರೆ ಅದಕ್ಕೂ ಫಲ ಬರೆದಿದೆ. ಅದಕ್ಕೆ ವ್ರತ ಒಂದು ಸೇರಿಸಿದ್ರೆ ನಂಗೆ ಬೇಕಾದ್ದು ಮುಕ್ಕಾಲು ಸಿಕ್ಕಿತು.

ಮುಂದಿನ ಆಟ ನಡೆಸೋದು ನಾನೇ, ಮಲ್ಲೇಶ್ವರದಲ್ಲಿ. ಬರೋರು ನಿಮ್ಮ ಪಾತ್ರ ಏನನ್ನ ಬಿಡೋಕೆ ತಯಾರಿದೆ ಅಂತ ಒಂದು ಚೀಟೀಲಿ ಬರ್ಕೊಂಡು ಬನ್ನಿ. ಚಿನ್ನದ ನಾಣ್ಯ ಅಂತ ಬರೆದಿದ್ರೆ ಚೀಟಿ ವಾಪಸ್ ಕೊಡ್ತೀನಿ.