ಸಹಿ ಹಾಕಿಸೋ ಮೊದಲು ಕೇಳಿ

ಇವತ್ತು ಕಿಡ್ನಿ ಕೈಕೊಟ್ಟವರಿಗೆ ಮಾಡೋ ಡಯಾಲಿಸಿಸ್‌ನ ಒಂದು ಒಪ್ಪಿಗೆ ಪತ್ರ ಓದಿದಾಗಿಂದ ಸಿಟ್ಟು ಇಳಿದಿಲ್ಲ. ಅಪಾಯಗಳ ಪಟ್ಟಿ ಇದೆ, ರೋಗಿಯ ಸಹಿಗೆ ಜಾಗ ಇದೆ, ಸಾಕ್ಷಿಯ ಸಹಿಗೂ ಇದೆ. ಬೇರೆ ದಾರಿಗಳಿವೆ ಅನ್ನೋ ಒಂದೇ ಒಂದು ಸಾಲು ಇಲ್ಲ.

ಇವೆ ರೀ. ಹಿಮೋಡಯಾಲಿಸಿಸ್, ಅಂದರೆ ಮೆಷಿನ್ನಿನಿಂದ ರಕ್ತ ಶುದ್ಧ ಮಾಡೋದು, ಆದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ ಸೆಂಟರಿಗೆ ಹೋಗಿ, ಪ್ರತಿ ಸಲ ಸುಮಾರು 4 ಗಂಟೆ ಮಲಗಬೇಕು. ಅದಕ್ಕೆ ಕೈಯಲ್ಲಿ ಫಿಸ್ಟುಲಾ (ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸೋದು) ಬೇಕು, ಅದು ಬಲಿಯೋಕೆ ಒಂದೆರಡು ತಿಂಗಳಾದರೂ ಹಿಡಿಯುತ್ತೆ. ಮಾತಾಡೋದು ತಡವಾದರೆ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾತಿಟರ್ ಅನ್ನೋ ಟ್ಯೂಬ್, ಅದರ ಜೊತೆಗೇ ಸೋಂಕಿನ ಭಯ. ಪೆರಿಟೋನಿಯಲ್ ಡಯಾಲಿಸಿಸ್ ಮನೆಯಲ್ಲೇ ಆಗುತ್ತೆ. ಹೊಟ್ಟೆಗಿಟ್ಟ ಟ್ಯೂಬಿನಿಂದ ಸುಮಾರು 2 ಲೀಟರ್ ದ್ರವ ತುಂಬಿಸಿ, ಕೆಲವು ಗಂಟೆ ಬಿಟ್ಟು ಹೊರಗೆ ತೆಗೆದು, ಮತ್ತೆ ತುಂಬಿಸೋದು. ದಿನಕ್ಕೆ 4 ಸಲ, ಸಲಕ್ಕೆ ಅರ್ಧ ಗಂಟೆ. ಇಲ್ಲವೇ ರಾತ್ರಿ ಮಲಗಿದಾಗ ಮೆಷಿನ್ನೇ ಮಾಡುತ್ತೆ. ಕೈ ಸರಿಯಾಗಿ ತೊಳೆಯದೆ ಟ್ಯೂಬ್ ಜೋಡಿಸಿದರೆ ಹೊಟ್ಟೆಯೊಳಗೆ ಸೋಂಕಾಗಬಹುದು. ಹೊರಬಂದ ದ್ರವ ಕಲಗಚ್ಚಿನ ಹಾಗೆ ಮಬ್ಬಾಗಿದ್ದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ತುಂಬಾ ವಯಸ್ಸಾಗಿ ಬೇರೆ ಕಾಯಿಲೆಗಳೂ ಇರೋರಿಗೆ, ಡಯಾಲಿಸಿಸ್ ಇಲ್ಲದೆ ಊತ, ತುರಿಕೆ, ಏದುಸಿರು ಹತೋಟಿಯಲ್ಲಿಡೋ ಆರೈಕೆಯೂ ಒಂದು ದಾರಿಯೇ.

ಇವುಗಳಲ್ಲಿ ಯಾವುದು ಅನ್ನೋದನ್ನ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಿಪೋರ್ಟ್ ಒಂದೇ ಹೇಳಲ್ಲ. ಕೆಲಸಕ್ಕೆ ಹೋಗಲೇಬೇಕಾದವರಿಗೆ ರಾತ್ರಿ ಮೆಷಿನ್ ಹೊಂದಬಹುದು. ಮನೆಯೊಳಗೆ ಕಾಯಿಲೆಯ ಸಾಮಾನೇ ಬೇಡ ಅನ್ನೋರಿಗೆ ಸೆಂಟರೇ ವಾಸಿ. ರೋಗಿಯನ್ನ ಕೇಳದೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಸ್ತನ ಕ್ಯಾನ್ಸರ್‌ನಲ್ಲೂ ಇದೇ ಕಥೆ. ಆರಂಭದ ಹಂತದಲ್ಲಿ ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ, ಪೂರ್ತಿ ಸ್ತನ ತೆಗೆದರೂ ಬದುಕುಳಿಯುವ ಪ್ರಮಾಣ ಒಂದೇ ಅಂತ 20 ವರ್ಷ ಕಾದು ನೋಡಿದ ಎರಡು ಅಧ್ಯಯನಗಳು 2002ರಲ್ಲೇ ಹೇಳಿವೆ. ಆದರೂ ಕಾಯಿಲೆ ಬಂದ ಹೆಂಗಸಿನ ಮುಂದೆ ಎಷ್ಟೋ ಸಲ ಒಂದೇ ದಾರಿ ಇಡ್ತಾರೆ.

"ನೀವೇ ಹೇಳಿ ಡಾಕ್ಟ್ರೇ ಅಂತ ರೋಗಿಗಳೇ ಅಂತಾರಲ್ಲ" ಅನ್ನೋರಿದ್ದಾರೆ. ಅನ್ನಲಿ, ಆ ಹಕ್ಕೂ ಅವರದೇ. ಆದರೆ ಇರೋ ದಾರಿಗಳನ್ನೆಲ್ಲ ತಿಳಿದ ಮೇಲೆ ಅಂದರೆ ಮಾತ್ರ ಅದು ಆಯ್ಕೆ. ಏನೂ ಗೊತ್ತಿಲ್ಲದವರು ಹಾಗಂದರೆ ಅದು ಭಯ. ಟೈಮಿಲ್ಲ ಅನ್ನೋ ಮಾತನ್ನಂತೂ ನಾನು ಒಪ್ಪಲ್ಲ. ಆಯ್ಕೆಗಳ ಹಾಳೆಯನ್ನ ಹಿಂದಿನ ಭೇಟಿಯಲ್ಲೇ ಕೈಗೆ ಕೊಟ್ಟು ಕಳಿಸಬಹುದು.

ಲೆಕ್ಕ ಹೇಳುವಾಗಲೂ ಹುಷಾರು. "ಈ ಮಾತ್ರೆಯಿಂದ ಅಪಾಯ ಶೇ. 25 ಕಮ್ಮಿ" ಅಂದರೆ ಯಾರಾದರೂ ನುಂಗ್ತಾರೆ. 100 ಜನರಲ್ಲಿ 4 ಮಂದಿಗೆ ಆಗ್ತಿದ್ದದ್ದು 3 ಮಂದಿಗೆ ಆಗುತ್ತೆ ಅಂದರೂ ಅದೇ ಲೆಕ್ಕ. ಎರಡನೆಯದನ್ನ ಹೇಳಿ, ಅಡ್ಡಪರಿಣಾಮವನ್ನೂ ಅದೇ ನೂರು ಜನರ ಲೆಕ್ಕದಲ್ಲೇ ಹೇಳಿ. ಆಮೇಲೆ "ನಿಮಗೆ ಯಾವುದನ್ನ ಬಿಟ್ಟಿರೋಕೆ ಆಗಲ್ಲ, ಯಾವುದಕ್ಕೆ ಹೆದರ್ತೀರಿ?" ಅಂತ ಕೇಳಿ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸ್ತಾರೆ, "ನಾನು ಹೇಳಿದ್ದನ್ನ ಮನೆಯವರಿಗೆ ಹೇಗೆ ಹೇಳ್ತೀರಿ?" ಅಂದರೆ ಎಲ್ಲಿ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಅವರು ಹೇಳಿದ್ದನ್ನ ಅವರ ಮಾತಲ್ಲೇ ಕೇಸ್ ಶೀಟಿನಲ್ಲಿ ಬರೀರಿ. ಬರೆಯದಿದ್ದರೆ ರಾತ್ರಿ ಡ್ಯೂಟಿಗೆ ಬಂದವರಿಗೆ ಆ ಮಾತು ತಲುಪೋದೇ ಇಲ್ಲ, ಕುತ್ತಿಗೆಗೆ ಟ್ಯೂಬ್ ಬೇಡ ಅಂದಿದ್ದವರ ಕುತ್ತಿಗೆಗೇ ಟ್ಯೂಬ್ ಬಿದ್ದಿರುತ್ತೆ.