ಸೋತು ಎದ್ದ ತಂಡದ ಮೇಲೆ ಮತ್ತೆ ಆಸೆ ಇಡಬಹುದಾ?

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳನ್ನು ಪ್ರತಿ ಬೇಸಿಗೆಯಲ್ಲೂ ಕಾಡುವ ಪ್ರಶ್ನೆ ಇದು. ತಂಡ ಎರಡು ತಿಂಗಳಿಂದ ಸೋಲುತ್ತಲೇ ಇದೆ. ಬೈದು, ಟಿವಿ ಆರಿಸಿ, 'ಈ ವರ್ಷದ ಕಥೆ ಇಷ್ಟೇ' ಅಂತ ತೀರ್ಮಾನ ಮಾಡಿಯೂ ಆಗಿದೆ. ಅಷ್ಟರಲ್ಲಿ ತಂಡ ನಾಲ್ಕು ಮ್ಯಾಚ್ ಗೆಲ್ಲುತ್ತದೆ. ಐದು ಗೆಲ್ಲುತ್ತದೆ. ಈಗ ಏನು ಮಾಡೋದು?

ನಮಗೂ ಇದು ಹೊಸದೇನಲ್ಲ. 2024ರ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದಾಗ ಬೆಂಗಳೂರಿನಲ್ಲಿ ಯಾರಿಗೆ ನೆಟ್ಟಗೆ ನಿದ್ದೆ ಬಂದಿತ್ತು? ಆದರೆ ಇಲ್ಲಿ ಮಾತು ಮುಖ್ಯವಾಗಿ ನ್ಯೂಯಾರ್ಕ್ ಮೆಟ್ಸ್ ತಂಡದ್ದು. ಎರಡೂ ಕಡೆಯ ವಾದ ನಾನೇ ಬರೆದಿದ್ದೇನೆ. ನನ್ನ ಮನಸ್ಸು ಎತ್ತ ವಾಲುತ್ತದೆ ಅಂತ ಓದುತ್ತಾ ಗೊತ್ತಾಗಿಬಿಡುತ್ತದೆ. ಮುಚ್ಚಿಡೋಕೆ ಹೋಗಿಲ್ಲ.

ಪರ: ಇಡಿ, ಧಾರಾಳವಾಗಿ ಇಡಿ

ಮೊದಲು ಲೆಕ್ಕ ನೋಡೋಣ. ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಮ್ಯಾಚ್. ಎಂಟರಲ್ಲಿ ಏಳು ಸೋತರೆ ಕಥೆ ಬಹುತೇಕ ಮುಗಿದಂತೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಪ್ರತಿ ತಂಡಕ್ಕೆ 162 ಮ್ಯಾಚ್. ಹೆಚ್ಚುಕಮ್ಮಿ ದಿನಾ ಆಟ. ಇಲ್ಲಿ ಎಲ್ಲರೂ ಸೋಲುತ್ತಾರೆ. 2024ರಲ್ಲಿ ಚಾಂಪಿಯನ್ ಆದ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡವೇ 64 ಮ್ಯಾಚ್ ಸೋತಿತ್ತು. ಆ ವರ್ಷ ಅದಕ್ಕಿಂತ ಕಡಿಮೆ ಸೋತ ತಂಡ ಇನ್ನೊಂದಿಲ್ಲ! ಮೇಲಾಗಿ 2022ರಿಂದ ಅದರೊಳಗಿನ ಎರಡೂ ಲೀಗ್‌ಗಳಿಂದ (ಅಮೆರಿಕನ್, ನ್ಯಾಷನಲ್) ಆರಾರು ತಂಡ ಪ್ಲೇಆಫ್‌ಗೆ ಹೋಗುತ್ತವೆ. ಜೂನ್‌ನಲ್ಲೇ ಕೈಚೆಲ್ಲಿ ಕೂರೋದಕ್ಕೆ ಅರ್ಥವೇ ಇಲ್ಲ.

ಮೆಟ್ಸ್ ತಂಡದ ತವರು ಕ್ವೀನ್ಸ್‌ನ ಸಿಟಿ ಫೀಲ್ಡ್. ಫ್ಲಶಿಂಗ್‌ನಲ್ಲಿ ಗಣೇಶನ ದೇವಸ್ಥಾನ ಇದೆಯಲ್ಲ, ನ್ಯೂಯಾರ್ಕಿಗೆ ಹೋದ ನಮ್ಮವರು ಕ್ಯಾಂಟೀನ್ ದೋಸೆಗಾದರೂ ಒಮ್ಮೆ ಹೋಗಿ ಬರುವ ಜಾಗ, ಅಲ್ಲಿಂದ ಬಹಳ ದೂರವೇನಿಲ್ಲ. 2024ರ ಋತುವನ್ನು ಈ ತಂಡ ಸತತ ಐದು ಸೋಲಿನಿಂದ ಶುರು ಮಾಡಿತು. ಮೇ 29ರಂದು ತವರಿನಲ್ಲೇ ಡಾಡ್ಜರ್ಸ್ ಎದುರು 3-10ರ ಸೋಲು. ಅಂಪೈರ್ ಹೊರಗೆ ಕಳಿಸಿದ ಸಿಟ್ಟಿಗೆ ಪಿಚರ್ (ನಮ್ಮ ಬೌಲರ್ ಇದ್ದಂತೆ) ಹೋರ್ಹೆ ಲೋಪೆಸ್ ತನ್ನ ಗ್ಲೌಸನ್ನು ಗ್ಯಾಲರಿಯ ಜನರತ್ತ ಎಸೆದ. ತಂಡ ಅವನನ್ನು ಕೈಬಿಟ್ಟಿತು. ಅವತ್ತು ಮ್ಯಾಚ್ ಮುಗಿದ ಮೇಲೆ ತಂಡದ ತಾರೆ ಫ್ರಾನ್ಸಿಸ್ಕೊ ಲಿಂಡೋರ್ ಆಟಗಾರರನ್ನಷ್ಟೇ ಕೂರಿಸಿಕೊಂಡು, ಬಾಗಿಲು ಹಾಕಿಕೊಂಡು ಮಾತಾಡಿದ. ಜೂನ್ 2ರ ಹೊತ್ತಿಗೆ 24 ಗೆಲುವು, 35 ಸೋಲು. ಅಲ್ಲಿಂದ ಮುಂದೆ 65 ಗೆಲುವು, 38 ಸೋಲು.

ನಡುವೆ ಒಂದು ತಮಾಷೆಯೂ ನಡೆಯಿತು. ಜೂನ್ 12ರಂದು ಮ್ಯಾಚ್‌ಗೆ ಮುಂಚೆ ಮೊದಲ ಚೆಂಡು ಎಸೆಯಲು ಬಂದಿದ್ದು ಗ್ರಿಮೇಸ್. ಮೆಕ್‌ಡೊನಾಲ್ಡ್ಸ್‌ನ ನೇರಳೆ ಬಣ್ಣದ, ಗುಡಾಣದಂಥ ಗೊಂಬೆ. ಅವತ್ತಿನಿಂದ ಮೆಟ್ಸ್ ಸತತ ಏಳು ಗೆದ್ದಿತು. ಜನ ನೇರಳೆ ಬಟ್ಟೆ ಹಾಕಿಕೊಂಡು ಬರತೊಡಗಿದರು. ಆಮೇಲೆ ಸಿಟಿ ಫೀಲ್ಡ್‌ನಲ್ಲಿ ಗ್ರಿಮೇಸ್ ನೆನಪಿಗೆ ಒಂದು ನೇರಳೆ ಸೀಟನ್ನೇ ಹಾಕಿದರು. ಮೂಢನಂಬಿಕೆ ಅಂತೀರಾ? ಇರಲಿ ಬಿಡಿ. ಗೊಂಬೆ ನೆಪ ಅಷ್ಟೇ.

ನಿಜವಾಗಿ ಬದಲಾಗಿದ್ದು ಬೇರೆಯದು. ಮೇ ಮಧ್ಯದಲ್ಲಿ ಲಿಂಡೋರ್‌ನನ್ನು ಬ್ಯಾಟಿಂಗ್ ಸಾಲಿನ ಮೊದಲ ಜಾಗಕ್ಕೆ ತಂದರು. ಆಗ ಅವನ ಸರಾಸರಿ .200 ಕೂಡ ಇರಲಿಲ್ಲ. ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಹಿಟ್ ಕೂಡ ಇಲ್ಲ. ಮೂರು ಇದ್ದರೆ ಒಳ್ಳೆಯ ಬ್ಯಾಟರ್. ಅಂಥವನು ವರ್ಷದ ಕೊನೆಗೆ 33 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ, ಬೇಸ್ ಮೇಲಿದ್ದವರಿಗೂ ರನ್ ಸಿಗುತ್ತದೆ) ಹೊಡೆದು, ಲೀಗ್‌ನ ಅತ್ಯುತ್ತಮ ಆಟಗಾರನ ಆಯ್ಕೆಯಲ್ಲಿ ಶೋಹೆಯ್ ಒಟಾನಿ ನಂತರ ಎರಡನೆಯವನಾದ. ಮೇ 31ಕ್ಕೆ ಕೆಳಗಿನ ಲೀಗ್‌ನಿಂದ ಹೋಸೆ ಇಗ್ಲೇಸಿಯಸ್ ಬಂದ. 34 ವರ್ಷದವನು, ಇನ್ನು ಮುಗೀತು ಅಂದುಕೊಂಡಿದ್ದ ಆಟಗಾರ. ಬಂದವನು .337 ಸರಾಸರಿಯಲ್ಲಿ ಆಡಿದ. ಸಾಲದ್ದಕ್ಕೆ ಒಂದು ಹಾಡು ಬರೆದು ಹಾಡಿದ, ಅದೇ ತಂಡದ ಹಾಡಾಯಿತು. ಜುಲೈ ಕೊನೆಯಲ್ಲಿ ಪಿಚರ್ ಶಾನ್ ಮನಾಯಾ, ಎದುರಾಳಿ ಕ್ರಿಸ್ ಸೇಲ್ ಎಸೆಯೋದನ್ನು ನೋಡಿ, ತಾನೂ ಕೈ ತಗ್ಗಿಸಿ ಎಸೆಯತೊಡಗಿದ. ಆಮೇಲೆ ಅವನೇ ತಂಡದ ದೊಡ್ಡ ಭರವಸೆ. ಇಷ್ಟೆಲ್ಲ ಕಣ್ಣೆದುರಿಗೆ ನಡೆಯುವಾಗ ಆಸೆ ಇಟ್ಟುಕೊಂಡವರನ್ನು ಹುಚ್ಚರು ಅನ್ನೋದು ಹೇಗೆ?

ಇನ್ನೊಂದು ವಿಷಯ. ಅಭಿಮಾನಿಯ ಆಸೆ ಮೈದಾನಕ್ಕೂ ಮುಟ್ಟುತ್ತದೆ. 2023ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಟ್ರೇ ಟರ್ನರ್ ಪೂರ್ತಿ ಫಾರ್ಮ್ ಕಳೆದುಕೊಂಡಿದ್ದ. 11 ವರ್ಷಕ್ಕೆ 30 ಕೋಟಿ ಡಾಲರ್ ಒಪ್ಪಂದ, ಕೈಯಲ್ಲಿ ಹಿಟ್ ಇಲ್ಲ. ಆ ಊರಿನ ಜನ ಬೈಯೋದರಲ್ಲಿ ಹೆಸರುವಾಸಿ. ಆದರೆ ಅವತ್ತು ಅವನು ಬ್ಯಾಟ್ ಹಿಡಿದು ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದುವರೆಗೆ ನಾಲ್ಕು ತಿಂಗಳಲ್ಲಿ 10 ಹೋಮ್ ರನ್ ಹೊಡೆದಿದ್ದವನು ಉಳಿದ ಎರಡು ತಿಂಗಳಲ್ಲಿ 16 ಹೊಡೆದ. ಊರಲ್ಲೆಲ್ಲ ಹೋರ್ಡಿಂಗ್ ಹಾಕಿಸಿ ಜನರಿಗೆ ಥ್ಯಾಂಕ್ಸ್ ಹೇಳಿದ. ಇದಕ್ಕೆ ತದ್ವಿರುದ್ಧ 2021ರ ಮೆಟ್ಸ್. ಜನ ಛೀಮಾರಿ ಹಾಕಿದರು, ಆಟಗಾರರು ತಿರುಗಿ ಜನರಿಗೇ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿದರು, ಕೊನೆಗೆ ಕ್ಷಮೆ ಕೇಳಿದರು. ಆ ವರ್ಷ ಯಾರಿಗೇನು ಸಿಕ್ಕಿತು?

ಸೆಪ್ಟೆಂಬರ್ 30, ಸೋಮವಾರ. ಚಂಡಮಾರುತದ ಮಳೆಗೆ ಮುಂದೂಡಿದ್ದ ಎರಡು ಮ್ಯಾಚ್ ಒಂದೇ ದಿನ ಅಟ್ಲಾಂಟಾದಲ್ಲಿ. ಮೆಟ್ಸ್ ಒಂದು ಗೆದ್ದರೆ ಪ್ಲೇಆಫ್. ಮೊದಲ ಮ್ಯಾಚ್‌ನಲ್ಲಿ, ಇರುವ ಒಂಬತ್ತು ಇನ್ನಿಂಗ್‌ಗಳ ಪೈಕಿ ಎಂಟನೆಯದು ಶುರುವಾದಾಗ 0-3. ಆ ಒಂದೇ ಇನ್ನಿಂಗ್‌ನಲ್ಲಿ ಆರು ರನ್ ಬಂತು. ಕುಣಿದು ಮುಗಿಸುವ ಮೊದಲೇ ಅಟ್ಲಾಂಟಾ ನಾಲ್ಕು ರನ್ ಹೊಡೆದು 7-6 ಮಾಡಿಬಿಟ್ಟಿತು. ಒಂಬತ್ತನೇ ಇನ್ನಿಂಗ್‌ನಲ್ಲಿ ಸ್ಟಾರ್ಲಿಂಗ್ ಮಾರ್ಟೆ ಬೇಸ್ ಮೇಲಿದ್ದಾನೆ. ಬೆನ್ನುನೋವಿನಿಂದ ಎರಡು ವಾರ ಹೊರಗಿದ್ದು ಆಗಷ್ಟೇ ಬಂದ ಲಿಂಡೋರ್ ಹೋಮ್ ರನ್ ಹೊಡೆದ. 8-7. ಎಂಟರಲ್ಲಿ ಮುನ್ನಡೆ ಕಳೆದಿದ್ದ ಎಡ್ವಿನ್ ಡಿಯಾಸ್‌ನೇ ಒಂಬತ್ತನೆಯದನ್ನೂ ಎಸೆದು ಮುಗಿಸಿದ. ಮೂರು ದಿನ ಬಿಟ್ಟು ಮಿಲ್ವಾಕಿಯಲ್ಲಿ, ಸೋತರೆ ಮನೆಗೆ ಅನ್ನುವ ಮ್ಯಾಚ್‌ನಲ್ಲಿ, ಮತ್ತೆ ಒಂಬತ್ತನೇ ಇನ್ನಿಂಗ್‌ನಲ್ಲಿ, 0-2 ಹಿಂದಿರುವಾಗ ಪೀಟ್ ಅಲೋನ್ಸೊ ಮೂರು ರನ್ನಿನ ಹೋಮ್ ರನ್ ಹೊಡೆದ. ಜೂನ್‌ನಲ್ಲಿ ಬಾಗಿಲು ಹಾಕಿಕೊಂಡವರೂ ಇದನ್ನ ನೋಡಿರುತ್ತಾರೆ, ಇಲ್ಲ ಅನ್ನಲ್ಲ. ಆದರೆ ಜೂನ್‌ನಿಂದ ದಿನಾ ನೋಡಿದವರ ಎದೆಯಲ್ಲಿ ಆದದ್ದು ಅವರಿಗೆ ಆಗಿರೋಕೆ ಸಾಧ್ಯವೇ ಇಲ್ಲ.

ಇತಿಹಾಸವೂ ಪರವಾಗಿದೆ. 1973ರ ಆಗಸ್ಟ್ ಕೊನೆಯಲ್ಲಿ ಇದೇ ಮೆಟ್ಸ್ ತನ್ನ ಗುಂಪಿನಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಪಿಚರ್ ಟಗ್ ಮೆಕ್‌ಗ್ರಾ 'ನಂಬಲೇಬೇಕು' ಅಂತ ಕೂಗುತ್ತಾ ತಿರುಗಿದ. ತಂಡ ವರ್ಲ್ಡ್ ಸೀರೀಸ್‌ವರೆಗೆ, ಅಂದರೆ ಫೈನಲ್‌ವರೆಗೆ ಹೋಯಿತು. 2019ರ ಮೇನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ 19 ಗೆದ್ದು 31 ಸೋತಿತ್ತು. ಅಕ್ಟೋಬರ್‌ನಲ್ಲಿ ಕಪ್ ಅವರದ್ದೇ.

ವಿರೋಧ: ಏಳು ಗೆದ್ದರು ಅಂತ ಎದ್ದು ಕೂರಬೇಡಿ

ಗ್ರಿಮೇಸ್ ಬಂದು ಏಳು ಗೆದ್ದ ಕಥೆ ಕೇಳಿದಿರಿ. ಅದಕ್ಕೆ ಒಂದು ವರ್ಷ ಮುಂಚಿನ ಜೂನ್‌ನಲ್ಲಿ ಇನ್ನೊಂದು ತಂಡ ಸತತ ಏಳು ಗೆದ್ದಿತ್ತು. ಅದನ್ನ ಯಾರೂ ಹೇಳಲ್ಲ.

ಓಕ್ಲೆಂಡ್ ಅಥ್ಲೆಟಿಕ್ಸ್, 2023. ಜೂನ್ ಮೊದಲ ವಾರದಲ್ಲಿ 12 ಗೆಲುವು, 50 ಸೋಲು. ಮಾಲೀಕರು ತಂಡವನ್ನು ಲಾಸ್ ವೇಗಸ್‌ಗೆ ಒಯ್ಯಲು ಹೊರಟಿದ್ದರು. ಒಳ್ಳೊಳ್ಳೆ ಆಟಗಾರರನ್ನು ಅದಾಗಲೇ ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಕೊಟ್ಟಾಗಿತ್ತು. ಮೈದಾನ ಖಾಲಿ ಹೊಡೆಯುತ್ತಿತ್ತು. ಅಂಥ ತಂಡ ಇದ್ದಕ್ಕಿದ್ದಂತೆ ಗೆಲ್ಲೋಕೆ ಶುರು ಮಾಡಿತು. ಜೂನ್ 13ಕ್ಕೆ ಅಭಿಮಾನಿಗಳು ಒಂದು ತಿರುಗು ಬಹಿಷ್ಕಾರ ಹೂಡಿದರು. ಅಂದರೆ ಬರದೆ ಇರೋದಲ್ಲ, ಎಲ್ಲರೂ ಬಂದು ತುಂಬಿಕೊಳ್ಳೋದು. 'ನಮ್ಮೂರಿನ ಜನಕ್ಕೆ ತಂಡ ಬೇಡ ಅಂತೀರಲ್ಲ, ನೋಡಿ' ಅಂತ ತೋರಿಸೋದು. 27,759 ಜನ ಬಂದರು. ಹಸಿರು ಟೀ ಶರ್ಟ್ ಮೇಲೆ 'ಮಾರಿ' ಅನ್ನುವ ಒಂದೇ ಮಾತು, ಅಂದರೆ ಮಾಲೀಕರೇ, ತಂಡವನ್ನು ಬೇರೆಯವರಿಗೆ ಮಾರಿಬಿಡಿ ಅಂತ. ಐದನೇ ಇನ್ನಿಂಗ್‌ನಲ್ಲಿ ಸ್ವಲ್ಪ ಹೊತ್ತು ಇಡೀ ಸ್ಟೇಡಿಯಂ ಪಿಟಕ್ಕೆನ್ನದೆ ಕೂತಿತು, ಆಮೇಲೆ ಒಟ್ಟಿಗೆ 'ತಂಡ ಮಾರಿ' ಅಂತ ಕೂಗಿತು. ಟ್ಯಾಂಪಾ ಬೇ ಎದುರು ಓಕ್ಲೆಂಡ್ 2-1ರಿಂದ ಗೆದ್ದೂ ಗೆದ್ದಿತು. ಅದೇ ಏಳನೇ ಗೆಲುವು.

ಅದೇ ದಿನ ನೆವಾಡಾದ ಸೆನೆಟ್ ಲಾಸ್ ವೇಗಸ್ ಸ್ಟೇಡಿಯಂಗೆ ಸರ್ಕಾರಿ ಹಣ ಕೊಡುವ ಮಸೂದೆ ಪಾಸು ಮಾಡಿತು. ತಂಡ ಆ ವರ್ಷ ಮುಗಿಸಿದ್ದು 50 ಗೆಲುವು, 112 ಸೋಲಿಗೆ. 1968ರಿಂದ ಇದ್ದ ಓಕ್ಲೆಂಡನ್ನು 2024ರ ಋತು ಮುಗಿದ ಕೂಡಲೇ ಬಿಟ್ಟು ಹೋಯಿತು. ಈಗ ಸ್ಯಾಕ್ರಮೆಂಟೊದಲ್ಲಿ, ಕೆಳ ಲೀಗ್‌ನ ಮೈದಾನದಲ್ಲಿ ಆಡುತ್ತಿದೆ.

ಇಲ್ಲೂ ಏಳು, ಅಲ್ಲೂ ಏಳು. ಮೆಟ್ಸ್ ಏಳು ಗೆದ್ದಿದ್ದಕ್ಕೇ ಮೇಲೆದ್ದಿತು ಅಂದರೆ, ಓಕ್ಲೆಂಡ್ ಯಾಕೆ ಏಳಲಿಲ್ಲ? 162 ಮ್ಯಾಚ್ ಆಡಿದರೆ ತೀರಾ ಕೆಟ್ಟ ತಂಡಕ್ಕೂ ಎಲ್ಲೋ ಒಂದು ಕಡೆ ಏಳು ಗೆಲುವು ಸಾಲಾಗಿ ಬಿದ್ದುಬಿಡಬಹುದು. ಪರ ವಾದ ಋತು ಉದ್ದ ಅಂತ ಸಮಾಧಾನ ಮಾಡಿತಲ್ಲ, ಆ ಉದ್ದವೇ ಇಂಥ ಸುಳ್ಳು ಬೆಳಕನ್ನೂ ತೋರಿಸುತ್ತದೆ.

ಟರ್ನರ್ ಚಪ್ಪಾಳೆಯ ಕಥೆ ಚಂದ. ಕಣ್ಣಲ್ಲಿ ನೀರು ಬರುತ್ತದೆ. ಆದರೆ ಟರ್ನರ್ ಎಷ್ಟೋ ವರ್ಷದಿಂದ .300ರ ಆಸುಪಾಸಿನಲ್ಲಿ ಹೊಡೆದವನು. ನಾಲ್ಕು ತಿಂಗಳು ಕೆಳಗಿದ್ದವನು ಚಪ್ಪಾಳೆ ಇಲ್ಲದಿದ್ದರೂ ಮೇಲೆ ಬರುತ್ತಿದ್ದ. ಸೋಲು ತೀರಾ ಆಳಕ್ಕೆ ಹೋದಾಗಲೇ ನಾವು ಏನಾದರೂ ಮಾಡುತ್ತೇವೆ. ಚಪ್ಪಾಳೆ ತಟ್ಟುತ್ತೇವೆ, ಹರಕೆ ಹೊರುತ್ತೇವೆ, ಗೊಂಬೆ ಕರೆಸುತ್ತೇವೆ. ಅಲ್ಲಿಂದ ಕೆಳಗೆ ಹೋಗೋಕೆ ಜಾಸ್ತಿ ಜಾಗವೇ ಇರಲ್ಲ. ಮೇಲೆ ಬಂದ ಮೇಲೆ ಕೀರ್ತಿ ಹರಕೆಗೆ! ಮೆಟ್ಸ್ ಜನ ಇದನ್ನ ನೋಡಿ 2024ರ ಏಪ್ರಿಲ್‌ನಲ್ಲಿ ಲಿಂಡೋರ್‌ಗೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಮೇ ಮಧ್ಯದವರೆಗೂ ತಡಕಾಡುತ್ತಲೇ ಇದ್ದ. ಪರ ವಾದದಲ್ಲಿ ಆ ಚಪ್ಪಾಳೆಯ ಸುದ್ದಿಯೇ ಇಲ್ಲ, ಗಮನಿಸಿದಿರಾ? ಅಂದಹಾಗೆ ಟರ್ನರ್‌ನ ಫಿಲಡೆಲ್ಫಿಯಾ ಆ ಅಕ್ಟೋಬರ್‌ನಲ್ಲಿ ಕೊನೆಯ ಎರಡು ಮ್ಯಾಚ್‌ಗಳನ್ನು ಅದೇ ಜನರೆದುರು, ಅದೇ ಮೈದಾನದಲ್ಲಿ ಅರಿಜೋನಾಗೆ ಸೋತು ಮನೆಗೆ ಹೋಯಿತು.

ಇನ್ನು ಮೆಟ್ಸ್. 2024ರಲ್ಲಿ ಅದು ಫೈನಲ್‌ಗೆ ಒಂದು ಮೆಟ್ಟಿಲು ಮುಂಚೆ ಡಾಡ್ಜರ್ಸ್‌ಗೆ ಸೋತಿತು. ಬೇಜಾರಿಲ್ಲ, ಮುಂದಿನ ವರ್ಷ ನೋಡೋಣ ಅಂದರು ಜನ. ಆ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೊನನ್ನು 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟು ತಂದರು. ಊರಿಗೆಲ್ಲ ಹಾಡಿಸಿದ ಇಗ್ಲೇಸಿಯಸ್‌ನನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಅವನು ಸ್ಯಾನ್ ಡಿಯಾಗೋಗೆ ಹೋದ. 2025ರ ಜೂನ್ 12ಕ್ಕೆ, ಗೊಂಬೆ ಬಂದು ಸರಿಯಾಗಿ ವರ್ಷ ತುಂಬಿದ ದಿನ, ಮೆಟ್ಸ್ 45 ಗೆಲುವು, 24 ಸೋಲು. ಇಡೀ ಬೇಸ್‌ಬಾಲ್‌ಗೇ ಮುಂದೆ. ಅವತ್ತೇ ಪಿಚರ್ ಕೊಡಾಯ್ ಸೆಂಗಾ ಮೊದಲ ಬೇಸ್‌ಗೆ ಓಡುವಾಗ ತೊಡೆಯ ಸ್ನಾಯು ಹಿಡಿದುಕೊಂಡು ಬಿದ್ದ. ಅಲ್ಲಿಂದ 38 ಗೆಲುವು, 55 ಸೋಲು. ಈ ಮೂರೂವರೆ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಗೆಲುವಿನ ಸಾಲು ಬಂದಾಗಲೆಲ್ಲ ಜನ 'ಹೋದ ವರ್ಷವೂ ಹೀಗೇ ಆಗಿತ್ತಲ್ವಾ' ಅಂದರು. ಕೊನೆಯ ದಿನ ಮಯಾಮಿಯಲ್ಲಿ ಗೆದ್ದಿದ್ದರೆ ಸಾಕಿತ್ತು, ಏಕೆಂದರೆ ಪೈಪೋಟಿಯಲ್ಲಿದ್ದ ಸಿನ್ಸಿನಾಟಿ ಅವತ್ತು ಸೋತಿತ್ತು. ಮೆಟ್ಸ್ ಒಂದೂ ರನ್ ಮಾಡದೆ 0-4ರಿಂದ ಸೋತಿತು. ಎರಡೂ ತಂಡಗಳದ್ದು 83 ಗೆಲುವು. ಪರಸ್ಪರ ಆಡಿದ್ದರಲ್ಲಿ ಸಿನ್ಸಿನಾಟಿ ಮುಂದಿದ್ದರಿಂದ ಪ್ಲೇಆಫ್ ಅವರಿಗೆ. ಚಳಿಗಾಲದಲ್ಲಿ ಮಿಲ್ವಾಕಿಯ ವೀರ ಅಲೋನ್ಸೊ ಬಾಲ್ಟಿಮೋರ್ ಸೇರಿದ, ಡಿಯಾಸ್ ಡಾಡ್ಜರ್ಸ್‌ಗೇ ಹೋದ.

1973, 2019 ಅಂತ ಎರಡು ವರ್ಷ ಹೆಸರಿಸೋದು ಸುಲಭ. ಮೇನಲ್ಲಿ ಸೋತು, ಜೂನ್‌ನಲ್ಲಿ ಕಣ್ಣು ಬಿಟ್ಟು, ಆಗಸ್ಟ್‌ನಲ್ಲಿ ಮತ್ತೆ ಮಲಗಿದ ತಂಡಗಳನ್ನು ಯಾರು ಲೆಕ್ಕ ಇಟ್ಟಿದ್ದಾರೆ? ನಮ್ಮ ಆರ್‌ಸಿಬಿಯೂ 2024ರಲ್ಲಿ ಆರು ಗೆದ್ದು ಎಲಿಮಿನೇಟರ್‌ನಲ್ಲಿ ರಾಜಸ್ಥಾನಕ್ಕೆ ಸೋತಿತು. ಕಪ್ ಬಂದದ್ದು ಮರುವರ್ಷ, ಅಂಥ ಏಳುಬೀಳು ಇಲ್ಲದ ಋತುವಿನಲ್ಲಿ.

ಆಸೆಯೇ ಬೇಡ ಅನ್ನುತ್ತಿಲ್ಲ. ಅದಕ್ಕೆ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ತಂಡದೊಳಗೆ ಏನು ಬದಲಾಗಿದೆ? ಮಾಲೀಕರಿಗೆ ಗೆಲ್ಲೋ ಮನಸ್ಸಿದೆಯಾ? ಓಕ್ಲೆಂಡ್‌ನಲ್ಲಿ ಎರಡಕ್ಕೂ ಉತ್ತರ ಇಲ್ಲ ಅಂತಲೇ ಇತ್ತು, ಜನಕ್ಕೂ ಗೊತ್ತಿತ್ತು. 2024ರ ನ್ಯೂಯಾರ್ಕ್‌ನಲ್ಲಿ ಗೊಂಬೆ ಬಂದ ದಿನಕ್ಕೆ ಅರ್ಧ ಉತ್ತರ ಇತ್ತು. ಮನಾಯಾ ಕೈ ತಗ್ಗಿಸಿದ ಹೊತ್ತಿಗೆ ಪೂರ್ತಿ ಸಿಕ್ಕಿತು. ನಡುವಿನ ಆರು ವಾರ ಪರ್ಸ್ ಬಿಚ್ಚದೆ ಟಿವಿಯಲ್ಲೇ ಮ್ಯಾಚ್ ನೋಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅಟ್ಲಾಂಟಾದ ಆ ಸೋಮವಾರಕ್ಕೆ ಇನ್ನೂ ಎರಡು ತಿಂಗಳು ಬಾಕಿ ಇತ್ತು.